ಟನ್ನಿಗೆ ಎಷ್ಟು ಗ್ರಾಂ? ಚಿನ್ನದ ಊರುಗಳ ಆಯಸ್ಸಿನ ಲೆಕ್ಕ

ಚಿನ್ನದ ಊರು ಎಷ್ಟು ಕಾಲ ಬಾಳೀತು ಎಂದು ಅಂದಾಜು ಮಾಡಲು ಎರಡು ಅಂಕಿ ಬೇಕು. ಒಂದು ಟನ್ ಅದಿರಿನಿಂದ ಕೈಗೆ ಬರುವ ಚಿನ್ನ ಎಷ್ಟು ಗ್ರಾಂ ಎಂಬುದು ಮೊದಲನೆಯದು. ಆ ಟನ್ನನ್ನು ಒಡೆದು, ಮೇಲೆತ್ತಿ, ಅರೆದು, ಚಿನ್ನ ಬೇರ್ಪಡಿಸಲು ತಗಲುವ ಖರ್ಚು ಎರಡನೆಯದು. ದಕ್ಷಿಣ ಭಾರತದಲ್ಲಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಎದ್ದ ಎರಡು ಊರುಗಳನ್ನು ಪಕ್ಕಪಕ್ಕ ಇಟ್ಟರೆ ಈ ಲೆಕ್ಕ ಚೆನ್ನಾಗಿ ಕಾಣುತ್ತದೆ. ಒಂದು ಈಗ ನೀಲಗಿರಿ ಜಿಲ್ಲೆಯಲ್ಲಿರುವ ಪಂದಲೂರು, ಇನ್ನೊಂದು ನಮ್ಮ ಕೆಜಿಎಫ್.

1880ರ ಸುಮಾರಿಗೆ, ಪಂದಲೂರೂ ಸೇರಿದ ವೈನಾಡು ಸೀಮೆಯ ಬೆಣಚುಕಲ್ಲಿನಲ್ಲಿ ಚಿನ್ನವಿದೆ ಎಂಬ ವರದಿ ಹಿಡಿದು ಲಂಡನ್ನಿನಲ್ಲಿ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಷೇರು ಮಾರಿದವು. ಕಾಫಿ ತೋಟಗಳ ನಡುವಿನ ಪಂದಲೂರಿಗೆ ಅಂಚೆ, ತಂತಿ ಕಚೇರಿ, ಹೆಂಡದಂಗಡಿ ಎಲ್ಲ ಬಂದವು. ಕೆಲವೇ ವರ್ಷಗಳಲ್ಲಿ ಊರು ಖಾಲಿಯಾಯಿತು. ಅಲ್ಲಿ ಚಿನ್ನ ಇಲ್ಲವೇ ಇಲ್ಲ ಎಂದಲ್ಲ, ಇತ್ತು. ಅಳೆದ ರೀತಿ ತಪ್ಪಿತ್ತು.

ಮೇಲೆ ಹೊಳೆಯುವ ಒಳ್ಳೆಯ ಕಲ್ಲನ್ನು ಆರಿಸಿ ಪರೀಕ್ಷೆಗೆ ಕಳಿಸಿದರೆ ಬರುವ ಅಂಕಿಯನ್ನು ನಂಬಲಾಗದು. ಸರಿಯಾದ ಕ್ರಮವೆಂದರೆ, ಅದಿರಿನ ಪಟ್ಟಿಗೆ ಅಡ್ಡಲಾಗಿ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಒಂದೇ ಅಗಲದ, ಒಂದೇ ಆಳದ ಕಾಲುವೆ ಕೊರೆಯುವುದು. ಉದುರಿದ ಪುಡಿಯನ್ನೆಲ್ಲ ಕೆಳಗೆ ಹಾಸಿದ ಟಾರ್ಪಾಲಿನ ಮೇಲೆ ಹಿಡಿಯಬೇಕು, ಮೆತ್ತಗಿನ ಭಾಗ ಹೆಚ್ಚು ಉದುರದಂತೆ ನೋಡಿಕೊಳ್ಳಬೇಕು. ಮತ್ತೆ ಒಂದೂವರೆ, ಎರಡು ಮೀಟರ್ ಮುಂದೆ ಹೋಗಿ ಅದೇ ಕೆಲಸ. ಪ್ರತಿ ಮಾದರಿಯನ್ನು ಪುಡಿ ಮಾಡಿ, ರಾಶಿ ಹಾಕಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ಇಟ್ಟುಕೊಂಡು ಉಳಿದದ್ದನ್ನು ಬಿಸಾಡಬೇಕು. ಬೇಕಾದಷ್ಟು ಚಿಕ್ಕದಾಗುವವರೆಗೆ ಇದನ್ನೇ ಮಾಡಬೇಕು. ಸರಾಸರಿ ತೆಗೆಯುವಾಗ ಪ್ರತಿ ಅಂಕಿಯನ್ನು ಪಟ್ಟಿಯ ಅಗಲದಿಂದ ಗುಣಿಸಬೇಕು. ಇಲ್ಲದಿದ್ದರೆ ಒಂದು ಗೇಣಗಲದ ಶ್ರೀಮಂತ ಎಳೆ ಇಡೀ ಗಣಿಯನ್ನೇ ಶ್ರೀಮಂತವಾಗಿ ತೋರಿಸುತ್ತದೆ.

ಇನ್ನೊಂದು ಮೋಸ ನೆಲದ್ದೇ. ಗಾಳಿ, ಮಳೆ ತಾಗುವ ಮೇಲ್ಪದರದಲ್ಲಿ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಕೊಳೆತು, ಅದರೊಳಗಿದ್ದ ಚಿನ್ನ ಬಿಡಿಯಾಗಿ ಉಳಿದಿರುತ್ತದೆ. ಪಾದರಸ ಅದನ್ನು ಸುಲಭವಾಗಿ ಹಿಡಿಯುತ್ತದೆ. ಅಂತರ್ಜಲ ಮಟ್ಟದ ಕೆಳಗೆ ಚಿನ್ನ ಪೈರೈಟಿನೊಳಗೇ ಸಿಕ್ಕಿಕೊಂಡಿರುತ್ತದೆ, ಪಾದರಸ ಬಳಿದ ತಗಡಿನ ಮೇಲೆ ನಿಲ್ಲದೆ ನೀರಿನೊಂದಿಗೆ ಹರಿದುಹೋಗುತ್ತದೆ. ವೈನಾಡಿನಲ್ಲಿ ಅದಿರನ್ನು ಅಳೆಯುವ ಮೊದಲೇ ಅದಿರು ಕುಟ್ಟುವ ಯಂತ್ರಗಳನ್ನು, ಅಂದರೆ ಸ್ಟ್ಯಾಂಪ್ ಮಿಲ್‌ಗಳನ್ನು, ಗಾಡಿಯಲ್ಲಿ ಘಟ್ಟ ಹತ್ತಿಸಿಯಾಗಿತ್ತು. ಮಿಲ್ಲು ತಿರುಗಿದಾಗ ಬಂದದ್ದು ಟನ್ನಿಗೆ ಕೆಲವೇ ಗ್ರಾಂ. ಅಳೆಯುವ ಮೊದಲೇ ಮಿಲ್ಲು ತರುವ ಈ ದುಬಾರಿ ತಪ್ಪನ್ನು ಗಣಿ ನಡೆಸುವವರು ಇಂದಿಗೂ ಮಾಡುತ್ತಾರೆ.

ಕೋಲಾರದಲ್ಲೂ ಮೊದಲ ವರ್ಷಗಳು ಅಷ್ಟೇ ಕೆಟ್ಟದಾಗಿದ್ದವು. 1880ರಲ್ಲಿ ಶುರುವಾದ ಮೈಸೂರು ಮೈನ್ ಮುಚ್ಚುವ ಹಂತಕ್ಕೆ ಬಂದಿತ್ತು. ಜಾನ್ ಟೇಲರ್ ಕಂಪನಿಯವರು ಉಳಿದ ಹಣವನ್ನು ಸುರಿದು ಇನ್ನೊಮ್ಮೆ ನೋಡೋಣ ಎಂದರು. ಮ್ಯಾನೇಜರ್ ಪ್ಲಮರ್ ಹಳೇ ಕಾಲದವರು ಅಗೆದುಬಿಟ್ಟ ಗುಂಡಿಗಳ ಅಡಿಗೇ ಇಳಿದು ಚಾಂಪಿಯನ್ ಲೋಡ್ ಎಂಬ ಮುಖ್ಯ ಅದಿರಿನ ಪಟ್ಟಿಯನ್ನು ಹಿಡಿದರು. ಪುರಾತನರು ನೀರು, ಉಸಿರು ಸಾಲದೆ ನಿಲ್ಲಿಸಿದ್ದರೇ ಹೊರತು ಚಿನ್ನ ಮುಗಿದು ಅಲ್ಲ. ಹಳೇ ಗುಂಡಿಗಿಂತ ಒಳ್ಳೆಯ ಸುಳಿವು ಗಣಿಗಾರನಿಗೆ ಬೇರೆ ಇಲ್ಲ.

ಆಗ ಟನ್ನಿಗೆ 40 ಗ್ರಾಂಗೂ ಮೇಲೆ ಸಿಗುತ್ತಿತ್ತು. ಅಷ್ಟು ಸಿಕ್ಕರೆ ಏನು ಬೇಕಾದರೂ ಕಟ್ಟಬಹುದು. ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ರೈಲು ಬಂತು. ಬೇತಮಂಗಲದ ಕೆರೆಯಿಂದ ನೀರು ಬಂತು. 1902ರಲ್ಲಿ ಶಿವನಸಮುದ್ರದಿಂದ 147 ಕಿ.ಮೀ. ತಂತಿ ಎಳೆದು ವಿದ್ಯುತ್ತನ್ನೂ ತಂದರು. ಬೆಂಗಳೂರಿಗೆ ದೀಪ ಬಂದದ್ದು ಅದರ ನಂತರ.

ಇಳಿತ ಒಂದೇ ದಿನ ಬರಲಿಲ್ಲ, ಆಳದ ಜೊತೆ ಬಂತು. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿ.ಮೀ. ಆಳ ದಾಟಿದಾಗ ಬಂಡೆಯ ಬಿಸಿ 60 ಡಿಗ್ರಿ ಮೀರಿತ್ತು, ಗಾಳಿಯನ್ನು ತಂಪು ಮಾಡಿ ಕೆಳಗೆ ಕಳಿಸಬೇಕಾಗಿತ್ತು. ಇಳಿದು ಹತ್ತುವುದಕ್ಕೇ ಪಾಳಿಯ ಹೊತ್ತು ಹೋಗುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ರಾಕ್ ಬರ್ಸ್ಟ್. ಬೆಣಚುಕಲ್ಲೂ ಅದರ ಸುತ್ತಲಿನ ಹಾರ್ನ್‌ಬ್ಲೆಂಡ್ ಶಿಸ್ಟ್ ಎಂಬ ಕಪ್ಪು ಬಂಡೆಯೂ ಗಟ್ಟಿ, ಆದರೆ ಬಾಗುವ ಗುಣ ಕಡಿಮೆ. ಅದಿರು ತೆಗೆದ ಖಾಲಿ ಜಾಗಕ್ಕೆ ಸುತ್ತಲ ಒತ್ತಡ ವಾಲಿ, ಬಂಡೆ ಸದ್ದಿನೊಂದಿಗೆ ಸಿಡಿಯುತ್ತದೆ. ತಡೆಯಲು ಖಾಲಿ ಜಾಗದಲ್ಲಿ ಗ್ರಾನೈಟ್ ಗೋಡೆ ಕಟ್ಟಿದರು, ಆಮೇಲೆ ಕಾಂಕ್ರೀಟ್ ತುಂಬಿದರು. ಚಿನ್ನವಿಲ್ಲದ ಕಲ್ಲನ್ನು ಕೆಳಗಿಳಿಸುವ ಖರ್ಚೂ ಪ್ರತಿ ಟನ್ನಿನ ಲೆಕ್ಕಕ್ಕೇ ಬಿತ್ತು. ನೀರೆತ್ತುವ ಪಂಪನ್ನಂತೂ ಉತ್ಪಾದನೆ ಅರ್ಧವಾಯಿತೆಂದು ಅರ್ಧ ನಿಲ್ಲಿಸಲಾಗದು.

ಕೊನೆಯಲ್ಲಿ ಟನ್ನಿಗೆ ಸಿಗುತ್ತಿದ್ದದ್ದು 3–4 ಗ್ರಾಂ. ತೆಗೆದ ಚಿನ್ನದ ಖರ್ಚು ಪೇಟೆ ದರವನ್ನು ಎಂದೋ ಮೀರಿತ್ತು. ಸುಮಾರು 800 ಟನ್ ಚಿನ್ನ ಕೊಟ್ಟ ಗಣಿ 2001ರ ಫೆಬ್ರವರಿ 28ರಂದು ನಿಂತಿತು. ಆಡಳಿತ ಕೆಟ್ಟಿತು ಎಂಬ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಎಷ್ಟೇ ಒಳ್ಳೆಯ ಆಡಳಿತವೂ ಆ ಆಳದಲ್ಲಿ 3 ಗ್ರಾಂ ಅದಿರಿನಿಂದ ಲಾಭ ಎತ್ತುತ್ತಿರಲಿಲ್ಲ.

ಈಗ ಆಗಾಗ ಸುದ್ದಿಗೆ ಬರುವುದು ಸೈನೈಡ್ ದಿಬ್ಬಗಳು. ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿ 3 ಕೋಟಿ ಟನ್ನಿಗೂ ಹೆಚ್ಚಿದೆ, ಅದರಲ್ಲಿ ಟನ್ನಿಗೆ 1 ಗ್ರಾಂಗಿಂತಲೂ ಕಡಿಮೆ ಚಿನ್ನವಿದೆ. ಪಾತಾಳದಲ್ಲಿ 3 ಗ್ರಾಂ ಗಿಟ್ಟದೇ ಹೋದಲ್ಲಿ ಇದು ಗಿಟ್ಟೀತೇ? ಗಿಟ್ಟಬಹುದು. ಒಡೆಯುವ, ಎತ್ತುವ ಖರ್ಚೇ ಇಲ್ಲ, ಅರೆಯುವ ಖರ್ಚಿನ ಬಹುಪಾಲೂ ಉಳಿತಾಯವಾಗುತ್ತದೆ. ಆದರೆ ದಿಬ್ಬ ಕರಗಿಸುವ ಕೆಲಸಕ್ಕೆ ಲೋಡರ್, ಟ್ಯಾಂಕು, ಪಂಪು ನಡೆಸುವ ಕೆಲವು ನೂರು ಜನ ಸಾಕು. ಕೆಜಿಎಫ್‌ನ ಮಾರಿಕುಪ್ಪಂ ನಿಲ್ದಾಣದಿಂದ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವ ಸಾವಿರಾರು ಜನರಿಗೆ ಆ ಯೋಜನೆಯಲ್ಲಿ ಜಾಗವಿಲ್ಲ.