ಕ್ರಾಯ್ಡನ್ ಬಾವಿ ಮತ್ತು ನಿಮ್ಮ ಲ್ಯಾಬ್ ರಿಪೋರ್ಟ್

ಹೋದ ತಿಂಗಳು ಒಂದು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ನನ್ನ ಮುಂದೆ ನೀರಿನ ಲ್ಯಾಬ್ ರಿಪೋರ್ಟ್ ಇಟ್ಟರು. ಲ್ಯಾಮಿನೇಟ್ ಬೇರೆ ಮಾಡಿಸಿದ್ದರು. "ನೋಡಿ ಸಾರ್, ನಮ್ಮ ಬೋರ್ ನೀರು ಎ ಒನ್. ಅದಕ್ಕೇ ಕ್ಲೋರಿನ್ ನಿಲ್ಲಿಸಿಬಿಟ್ವಿ. ಸುಮ್ನೆ ವಾಸನೆ ಅಂತ ಎಲ್ರೂ ಗಲಾಟೆ ಮಾಡ್ತಿದ್ರು." ನೀರು ಸರಬರಾಜಿನ ಕೆಲಸದಲ್ಲಿ ನನಗೆ ಮೂವತ್ತು ವರ್ಷ ಆಯಿತು. ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕ ಇಲ್ಲ. ಲ್ಯಾಮಿನೇಶನ್ ಒಂದೇ ಹೊಸದು.

ಇಂಥವರಿಗೆ ನಾನು ಕ್ರಾಯ್ಡನ್ ಕಥೆ ಹೇಳುತ್ತೇನೆ. ನಮ್ಮ ಮನೆಯವಳಿಗೆ ಅದು ಬಾಯಿಪಾಠ ಆಗಿದೆ, ಪಾಪ.

ಕ್ರಾಯ್ಡನ್ ಅಂದರೆ ಲಂಡನ್‌ನ ದಕ್ಷಿಣಕ್ಕೆ ಅಂಟಿಕೊಂಡ ಊರು. 1937ರಲ್ಲಿ ಅದು ಹಿಂದುಳಿದ ಕೊಂಪೆ ಏನಲ್ಲ. ಲಂಡನ್ನಿನ ವಿಮಾನ ನಿಲ್ದಾಣ ಆಗ ಅಲ್ಲೇ ಇತ್ತು. ಸ್ವಂತ ನಗರಸಭೆ, ಸ್ವಂತ ಬಾವಿಗಳು, ಸ್ವಂತ ಆರೋಗ್ಯಾಧಿಕಾರಿ, ಎಲ್ಲ ಇತ್ತು. ಊರಿನ ದಕ್ಷಿಣ ಭಾಗಕ್ಕೆ ನೀರು ಬರುತ್ತಿದ್ದದ್ದು ಆಡಿಂಗ್ಟನ್ ಬಾವಿಯಿಂದ. ಸುಣ್ಣಕಲ್ಲಿನ ಪದರದಲ್ಲಿ ತೋಡಿದ ಆಳದ ಬಾವಿ. ಆ ನೀರಿನ ಮೇಲೆ ಎಲ್ಲರಿಗೂ ಭಾರಿ ನಂಬಿಕೆ. ಆ ನಂಬಿಕೆಗೆ ಕಾರಣವೂ ಇತ್ತು ಅನ್ನಿ.

ಆ ವರ್ಷ ಬಾವಿಯೊಳಗೆ ಕಾಮಗಾರಿ ಶುರುವಾಯಿತು. ಕೆಲಸದವರು ಇಳಿದು ಹತ್ತುತ್ತಿದ್ದರು. ಅದೇ ಹೊತ್ತಿನಲ್ಲಿ ನೀರು ಫಿಲ್ಟರ್‌ಗೂ ಹೋಗಲಿಲ್ಲ, ಅದಕ್ಕೆ ಕ್ಲೋರಿನ್ನೂ ಬೀಳಲಿಲ್ಲ. ಬಾವಿಯಲ್ಲಿ ಮನುಷ್ಯರು ಕೆಲಸ ಮಾಡುತ್ತಿದ್ದಾಗ ಅಲ್ಲಿನ ನೀರು ಹಾಗೇ ಮನೆಗಳ ನಲ್ಲಿಗೆ ಹೋಯಿತು. ಕೆಲಸದವರಲ್ಲಿ ಒಬ್ಬ ಟೈಫಾಯ್ಡ್ ವಾಹಕ. ಅಂದರೆ ಅವನಿಗೆ ಜ್ವರ ಇಲ್ಲ, ಸುಸ್ತಿಲ್ಲ, ನೋಡಿದರೆ ಗಟ್ಟಿಮುಟ್ಟು ಆಳು. ಆದರೆ ಮಲದಲ್ಲಿ ರೋಗಾಣು ಹೋಗುತ್ತಿರುತ್ತದೆ. ಹಿಂದೆ ಯಾವತ್ತೋ ಬಂದು ವಾಸಿಯಾದ ಜ್ವರ ಕೆಲವರ ಪಿತ್ತಕೋಶದಲ್ಲಿ ಹಾಗೆ ವರ್ಷಗಟ್ಟಲೆ ಮನೆ ಮಾಡಿಕೊಂಡಿರುತ್ತದೆ. ನಾನು ಡಾಕ್ಟರ್ ಅಲ್ಲ, ಇದಕ್ಕಿಂತ ಜಾಸ್ತಿ ನನ್ನನ್ನು ಕೇಳಬೇಡಿ. ಆ ಮನುಷ್ಯನನ್ನು ಬೈಯಲು ಮಾತ್ರ ನನಗೆ ಮನಸ್ಸು ಬರುವುದಿಲ್ಲ. ಕೂಲಿಗೆ ಬಂದವನು, ಇಳಿ ಅಂದರು, ಇಳಿದ.

ಒಟ್ಟು 341 ಜನಕ್ಕೆ ಟೈಫಾಯ್ಡ್ ಬಂತು. 43 ಜನ ಸತ್ತರು. ಆಗ ಅದಕ್ಕೆ ಔಷಧ ಅಂತ ಇರಲೇ ಇಲ್ಲ. ಕ್ಲೋರಾಂಫೆನಿಕಾಲ್ ಬಂದದ್ದು 1948ರಲ್ಲಿ. ಅಲ್ಲಿಯ ತನಕ ಆರೈಕೆ, ಪಥ್ಯ, ಮತ್ತೆ ಕಾಯುವುದು, ಅಷ್ಟೇ. ಇನ್ನೊಂದು ವಿಷಯ, ಈ ಕಾಯಿಲೆ ಕುಡಿದ ಮಾರನೇ ದಿನ ಬರುವುದಿಲ್ಲ. ಸಾಮಾನ್ಯವಾಗಿ ಒಂದರಿಂದ ಮೂರು ವಾರ ಹಿಡಿಯುತ್ತದೆ. ಮೊದಲ ರೋಗಿ ಹಾಸಿಗೆ ಹಿಡಿಯುವ ಹೊತ್ತಿಗೆ ಬೀದಿಯವರೆಲ್ಲ ವಾರಗಟ್ಟಲೆ ಅದೇ ನೀರು ಕುಡಿದಾಗಿರುತ್ತದೆ.

ಆರೋಗ್ಯ ಇಲಾಖೆ ಬಹಿರಂಗ ವಿಚಾರಣೆ ಇಟ್ಟಿತು. ನಡೆಸಿದವರು ಬ್ಯಾರಿಸ್ಟರ್ ಎಚ್. ಎಲ್. ಮರ್ಫಿ. ಬಾವಿಯಲ್ಲಿ ಕೆಲಸ, ಅದರಲ್ಲೊಬ್ಬ ವಾಹಕ, ಫಿಲ್ಟರ್ ಕ್ಲೋರಿನ್ ಎರಡೂ ಇಲ್ಲದೆ ಹೋದ ನೀರು, ಇವೆಲ್ಲ ಒಟ್ಟಿಗೆ ಸೇರಿದ್ದೇ ಕಾರಣ ಅಂತ ಅವರು ಹೇಳಿದರು. ಜವಾಬ್ದಾರಿ ಹೊತ್ತ ಅಧಿಕಾರಿಗಳು ಒಬ್ಬರಿಗೊಬ್ಬರು ವಿಷಯ ತಿಳಿಸಲಿಲ್ಲ ಅನ್ನುವುದನ್ನೂ ಎತ್ತಿ ತೋರಿಸಿದರು. ಬಾವಿಯಲ್ಲಿ ಜನ ಇಳಿದಿದ್ದಾರೆ ಅಂತ ಊರಿನ ಆರೋಗ್ಯಾಧಿಕಾರಿಗೇ ಗೊತ್ತಿರಲಿಲ್ಲ! ಆಮೇಲೆ ಕಾಯಿಲೆ ಬಿದ್ದ ಒಬ್ಬ ಹುಡುಗಿ ಮತ್ತು ಅವಳ ತಂದೆ ನಗರಸಭೆಯ ಮೇಲೆ ಕೋರ್ಟಿಗೆ ಹೋದರು. 1938ರಲ್ಲಿ ಕೋರ್ಟು ನಗರಸಭೆಯದ್ದೇ ನಿರ್ಲಕ್ಷ್ಯ ಅಂದಿತು.

ಇವರಿಗೆ ಕ್ಲೋರಿನ್ ವಿಷಯ ತಿಳಿದಿರಲಿಲ್ಲವೇ? ಚೆನ್ನಾಗಿ ತಿಳಿದಿತ್ತು. 1897ರಲ್ಲೇ ಮೇಡ್‌ಸ್ಟನ್ ಊರಲ್ಲಿ ಟೈಫಾಯ್ಡ್ ಬಂದಾಗ ನೀರಿನ ಪೈಪುಗಳನ್ನು ಬ್ಲೀಚಿಂಗ್ ಪೌಡರ್ ಹಾಕಿ ಶುದ್ಧ ಮಾಡಿದ್ದರು. 1905ರಲ್ಲಿ ಲಿಂಕನ್ ಊರಿನ ನೀರಿಗೆ ದಿನಾ ಕ್ಲೋರಿನ್ ಹಾಕಿದ್ದರು. ಎಲ್ಲ ಗೊತ್ತಿದ್ದೂ ನಮ್ಮ ಬಾವಿ ಶುದ್ಧ, ನಮಗೇನು ಅನ್ನುವ ಧೈರ್ಯ.

ಇಲ್ಲಿಗೆ ಬರುವಷ್ಟರಲ್ಲಿ ಕಾರ್ಯದರ್ಶಿಗಳು ಒಂದೇ ಪ್ರಶ್ನೆ ಕೇಳುತ್ತಾರೆ. "ಆದ್ರೆ ಸಾರ್, ನಮ್ಮ ರಿಪೋರ್ಟ್‌ನಲ್ಲಿ ಏನೂ ಇಲ್ವಲ್ಲ?" ಕೋಪ ಬರುತ್ತದೆ. ಆದರೂ ಮತ್ತೆ ಹೇಳುತ್ತೇನೆ, ಈಗ ನಿಮಗೂ ಹೇಳುತ್ತೇನೆ.

ಲ್ಯಾಬಿನವರು ಬ್ಯಾಕ್ಟೀರಿಯಾ ನೋಡುವುದು 100 ಮಿಲಿಲೀಟರ್ ನೀರಿನಲ್ಲಿ. ನಿಮ್ಮ ಟ್ಯಾಂಕು 50,000 ಲೀಟರ್ ಅಂದುಕೊಳ್ಳಿ. ಅದರಲ್ಲಿ ಅಂಥ 5 ಲಕ್ಷ ಪಾಲು ಇರುತ್ತದೆ. ಅದರಲ್ಲಿ ಒಂದೇ ಒಂದು ಪಾಲು, ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಒಂದೇ ನಲ್ಲಿಯಿಂದ ಹಿಡಿದದ್ದು. ಆ ಬೆಳಿಗ್ಗೆ ಆ ನೀರು ಚೆನ್ನಾಗಿತ್ತು, ಒಪ್ಪಿದೆ. ಟೆಸ್ಟ್ ಬೇಡ ಅಂತ ನಾನು ಹೇಳುತ್ತಿಲ್ಲ, ಮಾಡಿಸಲೇಬೇಕು. ಆದರೆ ಕ್ಲೋರಿನ್ ಹಾಕುವುದು ಮಾರ್ಚ್‌ನಲ್ಲಿ ಇದ್ದ ಕೊಳೆಗಲ್ಲ. ನೀರಿನಲ್ಲಿ ಉಳಿದಿರುವ ಆ ಚೂರು ಕ್ಲೋರಿನ್ ಇರುವುದು ಇನ್ನೂ ಬರದ ಕೊಳೆಗೆ. ನಾಳೆ ಬಿರುಕು ಬಿಡುವ ಪೈಪಿಗೆ, ನಾಡಿದ್ದು ಸಂಪಿಗೆ ಇಳಿಯುವ ಮನುಷ್ಯನಿಗೆ. ಮನೆಯಲ್ಲಿ ಉಪ್ಪಿನಕಾಯಿ ಹಾಕುತ್ತೀರಲ್ಲ? ಭರಣಿ ತುಂಬಿದ ದಿನ ಎಲ್ಲವೂ ಚೊಕ್ಕವೇ. ಹಾಗಂತ ಉಪ್ಪು ಕಡಿಮೆ ಮಾಡುತ್ತೀರಾ? ಯಾವತ್ತೋ ಒಂದು ದಿನ ಮನೆಗೆ ಬಂದ ನೆಂಟರ ಮಗು ಒದ್ದೆ ಚಮಚ ಅದ್ದುತ್ತದೆ ಅಂತ ನಿಮಗೆ ಗೊತ್ತು. ಕ್ರಾಯ್ಡನ್‌ನವರು ಒದ್ದೆ ಚಮಚ ಅದ್ದುವ ದಿನಗಳಲ್ಲೇ ಉಪ್ಪಿಲ್ಲದ ಭರಣಿ ಇಟ್ಟುಕೊಂಡಿದ್ದರು.

ಟೈಫಾಯ್ಡ್ ರೋಗಾಣು ಕ್ಲೋರಿನ್ ಮುಂದೆ ಜಾಸ್ತಿ ಹೊತ್ತು ನಿಲ್ಲುವಂಥದ್ದಲ್ಲ. ತಿಳಿಯಾದ ನೀರು, ಸರಿಯಾದ ಪ್ರಮಾಣ, ಅರ್ಧ ಗಂಟೆ ಸಮಯ, ಇಷ್ಟಿದ್ದರೆ ಸಾಮಾನ್ಯವಾಗಿ ಸಾಕು. ನಲ್ಲಿಯ ತುದಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು ಅನ್ನುತ್ತದೆ ನಮ್ಮ ಭಾರತೀಯ ಮಾನದಂಡ. ಹಾಗಂತ ನನ್ನ ಅಂಕಣ ಓದಿ ನೀವೇ ಡಬ್ಬ ಎತ್ತಿ ಸುರಿಯಬೇಡಿ. ನೀರಿನ ಪಿಎಚ್ ನೋಡಬೇಕು. ಬ್ಲೀಚಿಂಗ್ ಪೌಡರ್ ಹಳೆಯದಾದರೆ ಸತ್ವ ಕಳೆದುಕೊಂಡಿರುತ್ತದೆ, ಅದನ್ನೂ ನೋಡಬೇಕು. ಒಬ್ಬ ವಾಟರ್‌ಮನ್ ಇದ್ದ, ಮೂಗಿನಲ್ಲೇ ಅಳೆಯುತ್ತೇನೆ ಅನ್ನುತ್ತಿದ್ದ. ಅವನ ಮೂಗು ಹತ್ತಕ್ಕೆ ಎಂಟು ಸಲ ಸರಿ ಹೇಳುತ್ತಿತ್ತು. ಅವನಿಗೂ ಕಿಟ್ ಕೊಡಿಸಿದೆ. ನೆಗಡಿ ಬಂದ ದಿನ ಏನು ಮಾಡುತ್ತಾನೆ?

ಕ್ರಾಯ್ಡನ್ ಆದ ಮೇಲೆ, ಅದರ ಬೆನ್ನಿಗೇ ಯುದ್ಧವೂ ಬಂದು, ಬ್ರಿಟನ್ನಿನಲ್ಲಿ ಊರಿನ ನೀರಿಗೆ ಕ್ಲೋರಿನ್ ಹಾಕುವುದು ವಾಡಿಕೆಯಾಯಿತು. ಕುಡಿಯುವ ನೀರಿನ ಬಳಿ ಕೆಲಸ ಮಾಡುವವರು ಅಲ್ಲಿ ಇವತ್ತಿಗೂ ತರಬೇತಿ ಪಡೆದು ಹೈಜೀನ್ ಕಾರ್ಡ್ ಇಟ್ಟುಕೊಂಡಿರುತ್ತಾರೆ. ನಮ್ಮಲ್ಲಿ ಸಂಪು ತೊಳೆಯಲು ಬರುವವರ ಹೆಸರಾದರೂ ನಿಮಗೆ ಗೊತ್ತಾ? ಅವರು ಒಳಗೆ ಇಳಿದಾಗ ಉಸಿರಾಟದ್ದು ಇನ್ನೂ ದೊಡ್ಡ ಅಪಾಯ. ಅದಕ್ಕೆ ಬೇರೆಯೇ ಅಂಕಣ ಬೇಕು.

ನಮ್ಮ ಕಾರ್ಯದರ್ಶಿಗಳ ವಿಷಯಕ್ಕೆ ಬಂದರೆ, ಅವರು ಕ್ಲೋರಿನ್ ನಿಲ್ಲಿಸಿದ ವಾರವೇ ಸಂಪು ತೊಳೆಸಿದ್ದರು. ಏನೂ ಆಗಲಿಲ್ಲ, ದೇವರ ದಯ. ಏನೂ ಆಗಲಿಲ್ಲ ಅನ್ನುವುದೇ ನನಗೆ ತಲೆನೋವು. ಯಾಕೆಂದರೆ ಅದನ್ನೂ ಅವರು ಸಾಕ್ಷಿ ಅಂತ ಮುಂದಿಡುತ್ತಾರೆ.

ಮೊನ್ನೆ ಫೋನ್ ಮಾಡಿದ್ದರು. ಕ್ಲೋರಿನ್ ಮತ್ತೆ ಶುರು ಮಾಡಿದ್ದಾರಂತೆ. ಮುಂದಿನ ಸಲ ಸಂಪು ತೊಳೆಯುವ ದಿನ ವಾಟ್ಸಾಪ್ ಗುಂಪಿನಲ್ಲಿ ಮೊದಲೇ ತಿಳಿಸುತ್ತಾರಂತೆ. ಸಂತೋಷ ಅಂದೆ. "ಒಂದೇ ಒಂದು ಡೌಟು ಸಾರ್," ಅಂದರು, "ಮೂರನೇ ಮಹಡಿಯವರ ಅಕ್ವೇರಿಯಂ ಮೀನಿಗೆ ಏನಾದ್ರೂ ಆಗುತ್ತಾ?" ನೀರನ್ನು ಬಕೆಟ್‌ನಲ್ಲಿ ಒಂದೆರಡು ದಿನ ತೆರೆದಿಟ್ಟು ಆಮೇಲೆ ಹಾಕಲಿ, ಅದೂ ಮೀನಿನ ಅಂಗಡಿಯವರನ್ನು ಒಂದು ಮಾತು ಕೇಳಿಕೊಂಡು ಅಂದೆ.