ಚಾಕಲೇಟ್ ಸಿಸ್ಟ್ ಹುಟ್ಟೋದು ಎಲ್ಲಿಂದ? ಇನ್ನೂ ಮುಗಿಯದ ತಕರಾರು

ಬಾಗಲಕೋಟೆ ನವನಗರದಲ್ಲಿರುವ ನಮ್ಮಕ್ಕ ಕಳೆದ ವರ್ಷ ಮಗಳಿಗೆ ಚಾಕಲೇಟ್ ಕೊಡೋದನ್ನೇ ನಿಲ್ಲಿಸಿಬಿಟ್ಟಿದ್ದಳು. ಸ್ಕ್ಯಾನಿಂಗ್ ರಿಪೋರ್ಟ್ ನೋಡಿದ ಡಾಕ್ಟರ್ ‘ಎಡಗಡೆ ಅಂಡಾಶಯದಲ್ಲಿ ಚಾಕಲೇಟ್ ಸಿಸ್ಟ್ ಇದೆ’ ಅಂದಿದ್ದರು, ಅಷ್ಟೇ. ‘ಬಂದಾಗೊಮ್ಮೆ ಅಕಿಗೆ ಚಾಕಲೇಟ್ ತರಬ್ಯಾಡವಾ, ಗಂಟು ಬೆಳೀತೈತಿ’ ಅಂತ ನನಗೂ ತಾಕೀತು ಮಾಡಿದಳು. ನಗು ಬಂತು, ಆದರೆ ತಪ್ಪು ಅವಳದಲ್ಲ. ಸಿಸ್ಟ್ ಅಂದರೆ ದ್ರವ ತುಂಬಿದ ಚೀಲ. ಅದರೊಳಗೆ ಹಳೇ ರಕ್ತ ನಿಂತು ನಿಂತು ಕಂದು ಬಣ್ಣಕ್ಕೆ ತಿರುಗಿ, ಕರಗಿದ ಚಾಕಲೇಟಿನ ಹಾಗೆ ಕಾಣುತ್ತೆ ಅಂತ ಆ ಹೆಸರು. ತಿನ್ನೋ ಚಾಕಲೇಟಿಗೂ ಅದಕ್ಕೂ ಸಂಬಂಧ ಇಲ್ಲ.

ಕಾಯಿಲೆಯ ಹೆಸರು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಗಿರಬೇಕಾದಂಥ ಪದರ ಹೊರಗೆಲ್ಲೋ ಬೆಳೆಯುತ್ತೆ. ಅಂಡಾಶಯದ ಮೇಲೆ, ಕರುಳಿನ ಮೇಲೆ, ಮೂತ್ರಕೋಶದ ಪಕ್ಕ. ತಿಂಗಳು ತಿಂಗಳು ಅದೂ ಊದಿಕೊಳ್ಳುತ್ತೆ, ಒಸರುತ್ತೆ, ಆದರೆ ಹೊರಗೆ ಹೋಗಲು ದಾರಿ ಇರಲ್ಲ. ಜಗತ್ತಿನಲ್ಲಿ ಸುಮಾರು 19 ಕೋಟಿ ಜನರಿಗೆ, ಅಂದರೆ ಮುಟ್ಟಾಗುವ ವಯಸ್ಸಿನ ಹತ್ತರಲ್ಲಿ ಒಬ್ಬರಿಗೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಅಲ್ಲಿಗೆ ಹೋಗಿದ್ದು ಹೇಗೆ ಅನ್ನೋದು ಮಾತ್ರ ಇವತ್ತಿಗೂ ಇತ್ಯರ್ಥ ಆಗಿಲ್ಲ.

ನಾನು ಈ ಹಿಂದಿನ ಕಥೆ ಓದೋಕೆ ಕೂತಿದ್ದು ಚಾಕಲೇಟಿನಿಂದಲ್ಲ, ಮನೆಯಲ್ಲಿ ಕೇಳಿಬಂದ ಇನ್ನೊಂದು ಮಾತಿನಿಂದ. ‘ಲಗೂನ ಮದುವಿ ಮಾಡ್ರಿ, ಒಂದು ಕೂಸು ಆತಂದ್ರ ಎಲ್ಲಾ ಸರಿ ಹೋಗತೈತಿ.’ ಹುಡುಗಿಗೆ 19 ವರ್ಷ. ಇದು ನಮ್ಮ ಅಜ್ಜಿಯರ ಕಾಲದ ಮಾತು ಅಂದುಕೊಂಡಿದ್ದೆ. ಅದೇ ಮಾತು ಅಮೆರಿಕದ ವೈದ್ಯರ ಬಾಯಲ್ಲೂ ಇತ್ತು ಅಂತ ಆಮೇಲೆ ಗೊತ್ತಾಯ್ತು.

1860ರಲ್ಲಿ ವಿಯೆನ್ನಾದ ವೈದ್ಯ ಕಾರ್ಲ್ ಫಾನ್ ರೋಕಿಟಾನ್‌ಸ್ಕಿ ಇಂಥ ಅಂಗಾಂಶವನ್ನು ಬರೆದಿಟ್ಟರು. ಅದು ಈಗಿನ ಇದೇ ಕಾಯಿಲೆಯಾ ಅಂತ ಇತಿಹಾಸಕಾರರು ಇನ್ನೂ ಜಗಳ ಆಡುತ್ತಾರೆ. ಮುಂದಿನ ಅರವತ್ತು ವರ್ಷ ಹೆಸರಿಡೋದರಲ್ಲೇ ಕಳೆಯಿತು ಅಂದ್ರೂ ನಡೆಯುತ್ತೆ. ನಡುವೆ ಜರ್ಮನಿಯ ರಾಬರ್ಟ್ ಮೇಯರ್, ಇದು ಎಲ್ಲಿಂದಲೂ ಬಂದಿದ್ದಲ್ಲ, ಹೊಟ್ಟೆಯ ಒಳಪೊರೆಯೇ ವೇಷ ಬದಲಿಸಿ ಹೀಗಾಗುತ್ತೆ ಅಂದರು. ಭ್ರೂಣದಲ್ಲಿ ಈ ಪೊರೆ, ಗರ್ಭಕೋಶದ ಪದರ ಎರಡರ ಮೂಲವೂ ಒಂದೇ, ಹಾಗಾಗಿ ಅದು ಆಗದ ಮಾತೇನಲ್ಲ.

ಆಮೇಲೆ ಬಂದವರು ನ್ಯೂಯಾರ್ಕ್ ರಾಜ್ಯದ ಆಲ್ಬನಿಯ ಜಾನ್ ಸ್ಯಾಂಪ್ಸನ್. ಈ ಮನುಷ್ಯನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಚಾಕಲೇಟ್ ಸಿಸ್ಟ್ ಬಗ್ಗೆ 1921ರಲ್ಲಿ ದೊಡ್ಡ ಲೇಖನ ಬರೆದವರು ಇವರೇ, ‘ಎಂಡೊಮೆಟ್ರಿಯೋಸಿಸ್’ ಅನ್ನೋ ಹೆಸರು ಚಾಲ್ತಿಗೆ ಬಂದಿದ್ದೂ ಇವರಿಂದಲೇ. ಇವರು ಕೆಲವರಿಗೆ ಬೇಕಂತಲೇ ಮುಟ್ಟಿನ ದಿನಗಳಲ್ಲಿ ಆಪರೇಷನ್ ಮಾಡಿದರು. ಹೊಟ್ಟೆ ತೆರೆದು ನೋಡಿದರೆ ಗರ್ಭನಾಳದ ಆ ತುದಿಯಿಂದ ರಕ್ತ ಹೊಟ್ಟೆಯೊಳಕ್ಕೇ ತೊಟ್ಟಿಕ್ಕುತ್ತಿತ್ತು! ಗಟಾರ ಕಟ್ಟಿಕೊಂಡಾಗ ನೀರು ಬಚ್ಚಲಿಗೇ ವಾಪಸ್ ಬರುತ್ತಲ್ಲ, ಹೆಚ್ಚು ಕಡಿಮೆ ಹಾಗೆ. ಆ ರಕ್ತದ ಜೊತೆ ಒಳಪದರದ ಚೂರುಗಳೂ ಹೋಗಿ, ಬಿದ್ದಲ್ಲೇ ಬೇರು ಬಿಡುತ್ತವೆ ಅಂತ 1927ರಲ್ಲಿ ಬರೆದರು. ಕಣ್ಣಿಗೆ ಕಂಡದ್ದು, ಹೇಳೋಕೂ ಸುಲಭ. ಇವತ್ತಿಗೂ ಡಾಕ್ಟರುಗಳು ಮೊದಲು ಹೇಳೋದು ಇದನ್ನೇ.

ಆದರೆ 1984ರಲ್ಲಿ ಒಂದು ತೊಡಕು ಎದುರಾಯ್ತು. ಮುಟ್ಟಿನ ಸಮಯದಲ್ಲಿ ಲ್ಯಾಪರೊಸ್ಕೋಪ್ (ಸಣ್ಣ ರಂಧ್ರದಿಂದ ಹೊಟ್ಟೆಯೊಳಗೆ ನೋಡುವ ನಳಿಕೆ) ಇಟ್ಟು ನೋಡಿದ ಸಂಶೋಧಕರಿಗೆ, ನಾಳ ತೆರೆದಿದ್ದವರಲ್ಲಿ ನೂರಕ್ಕೆ 90 ಜನರ ಹೊಟ್ಟೆಯಲ್ಲಿ ರಕ್ತ ಕಂಡಿತು. ಬೀಜ ಹೆಚ್ಚು ಕಡಿಮೆ ಎಲ್ಲರ ಹೊಲದಲ್ಲೂ ಬೀಳುತ್ತೆ, ಬೆಳೆ ಮಾತ್ರ ಹತ್ತರಲ್ಲಿ ಒಂದರಲ್ಲಿ ಏಳುತ್ತೆ. ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಏಳುವ ಹಿಂಗಾರಿ ಜೋಳ ಮಸಾರಿಯಲ್ಲಿ (ಕೆಂಪು ಮಣ್ಣಲ್ಲಿ) ಏಳಲ್ಲ ಅಂತ ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ನೋಡಬೇಕಾದ್ದು ನೆಲವನ್ನು ಅಲ್ವಾ? ಪುಪ್ಪುಸದಲ್ಲೂ ಇದು ಸಿಕ್ಕಿದೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ವರ್ಷಗಟ್ಟಲೆ ಈಸ್ಟ್ರೋಜೆನ್ ಅನ್ನೋ ಹೆಣ್ಣು ಹಾರ್ಮೋನ್ ತೆಗೆದುಕೊಂಡ ಕೆಲವೇ ಕೆಲವು ಗಂಡಸರಲ್ಲೂ ಸಿಕ್ಕಿದೆ. ಅವರಿಗೆ ಯಾವ ಮುಟ್ಟು?

ಸರಿ, ಮದುವೆಯ ಮಾತಿಗೆ ಬರೋಣ. 1940ರ ದಶಕದ ಬಾಸ್ಟನ್‌ನಲ್ಲಿ ದುಡ್ಡು ಕೊಟ್ಟು ತೋರಿಸಿಕೊಳ್ಳುವ ಅನುಕೂಲಸ್ಥ ಹೆಣ್ಣುಮಕ್ಕಳಲ್ಲಿ ಈ ಕಾಯಿಲೆ ಜಾಸ್ತಿ ಕಂಡಿತು. ಅವರು ತಡವಾಗಿ ಮದುವೆ ಆಗುತ್ತಾರೆ, ಮಕ್ಕಳೂ ಕಡಿಮೆ, ಅದಕ್ಕೇ ಹೀಗೆ ಅಂತ ತೀರ್ಮಾನ ಆಯ್ತು. ಬೇಗ ಮದುವೆ, ಬೇಗ ಮಕ್ಕಳು ಅನ್ನೋದು ಸಲಹೆ ಆಯ್ತು. ‘ಕೆಲಸಕ್ಕೆ ಹೋಗುವ ಹೆಂಗಸರ ಕಾಯಿಲೆ’ ಅನ್ನೋ ಹಣೆಪಟ್ಟಿಯೂ ಅಂಟಿಕೊಂಡಿತು. ಬಡವರು ಹೊಟ್ಟೆನೋವು ಅಂತ ಬಂದರೆ ಅಷ್ಟು ಹುಡುಕಿ ನೋಡಿದ್ದರಾ? 1976ರಲ್ಲಿ ಡೊನಾಲ್ಡ್ ಚಾಟ್‌ಮನ್ ಅನ್ನೋ ವೈದ್ಯರು ಲ್ಯಾಪರೊಸ್ಕೋಪ್ ಇಟ್ಟು ನೋಡಿದರು. ‘ನಿಮಗೆ ಸೋಂಕು’ ಅಂತ ಹೇಳಿಸಿಕೊಂಡಿದ್ದ ಕಪ್ಪು ಮಹಿಳೆಯರಲ್ಲಿ ಐವರಲ್ಲಿ ಒಬ್ಬರಿಗೆ ಇದ್ದದ್ದು ಇದೇ ಕಾಯಿಲೆ. ಬಸುರಿದ್ದಾಗ ಮುಟ್ಟು ನಿಲ್ಲುವುದರಿಂದ ಕೆಲವರಿಗೆ ನೋವು ಕಡಿಮೆ ಆಗಬಹುದು, ಆಮೇಲೆ ಮತ್ತೆ ಬರಬಹುದು. ಅದನ್ನು ಔಷಧಿ ಅಂತ ಯಾರು ಯಾವಾಗ ಬರೆದುಕೊಟ್ಟರೋ, ಆ ಚೀಟಿ ಮಾತ್ರ ಊರೂರು ತಿರುಗಿ ನಮ್ಮ ಪಡಸಾಲೆಗೂ ಬಂದಿದೆ.

ಈಚಿನದು ಇನ್ನೂ ಗೋಜಲು. ಹುಟ್ಟುವ ಮೊದಲೇ ಚೂರುಗಳು ತಪ್ಪಿದ ಜಾಗದಲ್ಲಿ ಉಳಿದಿರುತ್ತವೆ ಅನ್ನುವವರಿದ್ದಾರೆ. ಮೂಲಕೋಶಗಳು (ಬೇರೆ ಬಗೆಯ ಕೋಶಗಳಾಗಿ ಬದಲಾಗಬಲ್ಲ ಕೋಶಗಳು) ರಕ್ತದಲ್ಲಿ ಹೋಗಿ ಕೂರುತ್ತವೆ ಅನ್ನುವವರೂ ಇದ್ದಾರೆ. 2017ರಲ್ಲಿ ಈ ಗಂಟುಗಳಲ್ಲಿ, ಕ್ಯಾನ್ಸರ್ ಇಲ್ಲದಿದ್ದರೂ, ಕ್ಯಾನ್ಸರಿನಲ್ಲಿ ಕಾಣುವಂಥ ಜೀನ್ ಬದಲಾವಣೆ ಸಿಕ್ಕವು. 2023ರಲ್ಲಿ 60 ಸಾವಿರಕ್ಕೂ ಹೆಚ್ಚು ರೋಗಿಗಳ ಡಿಎನ್ಎ ಅಧ್ಯಯನದಲ್ಲಿ ಕಾಯಿಲೆಗೆ ಸಂಬಂಧಪಟ್ಟ 42 ಜಾಗ ಗುರುತಿಸಿದರು. ಅದೇ ವರ್ಷ ಜಪಾನಿನ ನಾಗೋಯಾದಿಂದ ಇನ್ನೊಂದು ಸುದ್ದಿ: ಫ್ಯುಸೊಬ್ಯಾಕ್ಟೀರಿಯಮ್ ಅನ್ನೋ ಬ್ಯಾಕ್ಟೀರಿಯಾ 64 ಪರ್ಸೆಂಟ್ ರೋಗಿಗಳ ಗರ್ಭಕೋಶದ ಪದರದಲ್ಲಿತ್ತು, ಕಾಯಿಲೆ ಇಲ್ಲದವರಲ್ಲಿ 10 ಪರ್ಸೆಂಟಿಗಿಂತ ಕಡಿಮೆ. ಆಂಟಿಬಯೋಟಿಕ್ ಕೊಟ್ಟರೆ ಇಲಿಗಳಲ್ಲಿ ಗಂಟು ಕಡಿಮೆ ಆಯ್ತು. ಇಲಿಗಳಲ್ಲಿ, ನೆನಪಿರಲಿ. ಇವೆಲ್ಲ ಒಂದೇ ಕಾಯಿಲೆಯಾ, ಒಂದೇ ಹೆಸರಿನ ಎರಡು ಮೂರು ಕಾಯಿಲೆಗಳಾ ಅಂತ ಕೇಳುವವರೂ ಈಗ ಹೆಚ್ಚುತ್ತಿದ್ದಾರೆ.

ಅಕ್ಕನಿಗೆ ಇಷ್ಟೆಲ್ಲಾ ಹೇಳಿದೆ. ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡಳು. ‘ಹಂಗಾರ ಅಕಿ ಏನೂ ತಪ್ಪು ಮಾಡಿಲ್ಲ ಹೌದಿಲ್ಲೋ?’ ಅಂದಳು. ಒಳಗಿನ ಕೋಣೆಯಲ್ಲಿ ಹುಡುಗಿ ಬಿಸಿನೀರಿನ ಚೀಲ ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದಳು, ಅವತ್ತು ಎರಡನೇ ದಿನ.