ಷೋಕೇಸಿನಲ್ಲಿ ಕೂತ ಬಾಟಲಿ

ಹೋದ ತಿಂಗಳು ಸಿದ್ದಾಪುರದ ಕಡೆಯಿಂದ ಒಬ್ಬರು ಮನೆಗೆ ಬಂದರು. ಟವೆಲಿನಲ್ಲಿ ಸುತ್ತಿದ ಬಾಟಲಿಯನ್ನು ಎಳೆ ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದರು. "ಅಕ್ಕಾ, ಹದಿನೇಳು ವರ್ಷ ಆಯ್ತು, ಮುಚ್ಚಳ ತೆಗೆದಿಲ್ಲ. ಈಗ ಏನು ಬೆಲೆ ಇರಬಹುದು?" ಅಂದರು. ಬಿಚ್ಚಿ ನೋಡಿದೆ. ನಾಸಿಕ್ ಕಡೆಯ ಬಿಳಿ ವೈನ್. ತಂದ ವರ್ಷವೇ, ತಪ್ಪಿದರೆ ಮರುವರ್ಷ ಕುಡಿಯಲಿ ಅಂತ ಮಾಡಿದ್ದು. ಬೆಳಕಿಗೆ ಹಿಡಿದರೆ ಶುಂಠಿ ಕಷಾಯದ ಬಣ್ಣ.

"ಬೆಲೆ ಏನೂ ಇಲ್ಲ ಅಣ್ಣ. ಇದು ಮುಗಿದು ಹೋಗಿದೆ" ಅಂದೆ. ಅವರ ಮುಖ ಸಪ್ಪಗಾಯಿತು. ಕಾಫಿ ಕೊಟ್ಟು ಕಳಿಸಿದೆ.

ಆ ಸಪ್ಪೆ ಮುಖವನ್ನು ನಾನು ಇಪ್ಪತ್ತೈದು ವರ್ಷದಿಂದ ನೋಡುತ್ತಿದ್ದೇನೆ. ವೈನ್ ಬಗ್ಗೆ ಬರೆಯುವುದು ನನ್ನ ಕೆಲಸ. ಕೆಂಪಿಗೆ ಯಾವ ಊಟ, ಬಿಳಿಗೆ ಯಾವ ಗ್ಲಾಸು ಅನ್ನುವುದೆಲ್ಲ ಈಗ ಯಾರಿಗೂ ಹೇಳಬೇಕಿಲ್ಲ. ಆದರೆ ಒಂದು ವಿಷಯ ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗುತ್ತಿಲ್ಲ. ವೈನ್ ಹಳೆಯದಾದಷ್ಟೂ ಚೆನ್ನಾಗುತ್ತದೆ ಅನ್ನುವುದು ಸುಳ್ಳು. ಬಹುಪಾಲು ವೈನಿಗೆ ಅದು ಪೂರಾ ಸುಳ್ಳು.

ಈ ನಂಬಿಕೆ ನಮ್ಮಲ್ಲಿ ಯಾಕೆ ಇಷ್ಟು ಗಟ್ಟಿ ಅಂತ ನನಗೆ ಗೊತ್ತು. ನಮ್ಮ ಅಡುಗೆಮನೆಯೇ ಅದನ್ನು ಕಲಿಸಿದೆ. ಹಳೆ ಅಕ್ಕಿಯ ಅನ್ನ ಉದುರುದುರಾಗುತ್ತದೆ. ಹಳೆ ಹುಣಸೆಹಣ್ಣಿಗೆ ಬೇರೆಯೇ ರುಚಿ. ನಮ್ಮ ಕೊಡಗಿನ ಅಡುಗೆ ಹುಳಿ ಕಾಚಂಪುಳಿಯ ಬಾಟಲಿಯಂತೂ ವರ್ಷಗಟ್ಟಲೆ ಇದ್ದರೂ ಏನೂ ಆಗುವುದಿಲ್ಲ. ಆದರೆ ಕಾಚಂಪುಳಿ ಯಾಕೆ ಉಳಿಯುತ್ತದೆ? ಹಣ್ಣಿನ ರಸವನ್ನು ಕಾಯಿಸಿ ಕಾಯಿಸಿ ಕಪ್ಪಗೆ ಮಂದ ಮಾಡಿದ್ದೇವೆ. ಆ ಹುಳಿಯಲ್ಲಿ ಯಾವ ಕ್ರಿಮಿಗೂ ಬದುಕಲು ಆಗುವುದಿಲ್ಲ. ವೈನನ್ನು ಯಾರೂ ಹಾಗೆ ಕಾಯಿಸಿಲ್ಲ.

ಇನ್ನೊಂದು ಕಾರಣ ಕ್ಯಾಂಟೀನ್ ರಮ್ಮು. ಕೊಡಗಿನಲ್ಲಿ ಸೈನ್ಯದಿಂದ ನಿವೃತ್ತರಾದವರು ಇಲ್ಲದ ಊರಿಲ್ಲ. ಅವರ ಬೀರುವಿನಲ್ಲಿ ಒಂದು ರಮ್ಮೋ ವಿಸ್ಕಿಯೋ ವರ್ಷಾನುಗಟ್ಟಲೆ ಕೂತಿರುತ್ತದೆ, ತೆಗೆದಾಗ ಚೆನ್ನಾಗೇ ಇರುತ್ತದೆ. ಸರಿ. ಅದರಲ್ಲಿ ಆಲ್ಕೋಹಾಲ್ ಶೇಕಡಾ 42.8. ವೈನಿನಲ್ಲಿ ಸಾಮಾನ್ಯವಾಗಿ 11ರಿಂದ 14. ಮತ್ತೆ, ವಿಸ್ಕಿ ಬಾಟಲಿಯ ಮೇಲೆ 12 ವರ್ಷ ಅಂತ ಬರೆದಿದ್ದರೆ ಅದು ಮರದ ಪೀಪಾಯಿಯಲ್ಲಿ ಕಳೆದ ವರ್ಷಗಳ ಲೆಕ್ಕ. ಬಾಟಲಿಗೆ ಇಳಿದ ಮೇಲೆ ವಿಸ್ಕಿಗೆ ವಯಸ್ಸಾಗುವುದಿಲ್ಲ. 12 ವರ್ಷದ ವಿಸ್ಕಿಯನ್ನು ನೀವು ಇನ್ನೂ ಹತ್ತು ವರ್ಷ ಇಟ್ಟರೂ ಅದು 12 ವರ್ಷದ್ದೇ. ವೈನ್ ಹಾಗಲ್ಲ. ಅದು ಬಾಟಲಿಯೊಳಗೂ ಬದಲಾಗುತ್ತಲೇ ಇರುತ್ತದೆ. ಬದಲಾಗುವುದು ಅಂದರೆ ಉತ್ತಮವಾಗುವುದು ಅಂತ ಅರ್ಥ ಅಲ್ಲ, ಅಲ್ವಾ?

ತೋಟದವರಿಗೆ ನಾನು ಕಾಫಿಯ ಲೆಕ್ಕದಲ್ಲೇ ಹೇಳುತ್ತೇನೆ. ಹೋದ ವರ್ಷದ ಕಾಫಿಯನ್ನು ಗೋದಾಮಿನಲ್ಲಿ ಇಟ್ಟುಕೊಂಡರೆ ಏನಾಗುತ್ತದೆ? ಬೀಜದ ಬಣ್ಣ ಕಳೆಯುತ್ತದೆ. ಕಪ್ಪಿನಲ್ಲಿ ಗೋಣಿಚೀಲದ ವಾಸನೆ ಬರುತ್ತದೆ. ಕೊಳ್ಳುವವನು ರೇಟು ಇಳಿಸುತ್ತಾನೆ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾದರೆ ಮಾನ್ಸೂನ್ಡ್ ಮಲಬಾರ್ ಅಂತ ಇದೆಯಲ್ಲ ಅನ್ನಬಹುದು. ಇದೆ. ಅದಕ್ಕೆ ಒಳ್ಳೆಯ ಬೀಜ ಆರಿಸುತ್ತಾರೆ. ಕರಾವಳಿಯ ಗೋದಾಮಿನಲ್ಲಿ ಮುಂಗಾರಿನ ಗಾಳಿ ತಾಗುವ ಹಾಗೆ ಹರಡುತ್ತಾರೆ. ವಾರಗಟ್ಟಲೆ ಕೈಯಾಡಿಸುತ್ತಾರೆ. ಬೀಜ ಊದಿ, ಬಿಳಿಚಿಕೊಂಡು, ಹುಳಿ ತಗ್ಗಿ ಬೇರೆಯೇ ಕಾಫಿಯಾಗುತ್ತದೆ. ಅಷ್ಟು ಕೆಲಸ ಮಾಡಿದ್ದಕ್ಕೆ ಅದು ಮಾನ್ಸೂನ್ಡ್ ಮಲಬಾರ್. ಸುಮ್ನೆ ಅಟ್ಟದ ಮೇಲೆ ಮರೆತ ಮೂಟೆಗೆ ಆ ಹೆಸರು ಯಾರೂ ಕೊಡುವುದಿಲ್ಲ.

ವೈನೂ ಅಷ್ಟೇ. ಹತ್ತು ಇಪ್ಪತ್ತು ವರ್ಷ ಬಾಳುವ ವೈನುಗಳಿವೆ. ಅವನ್ನು ಹುಟ್ಟಿನಲ್ಲೇ ಅದಕ್ಕಾಗಿ ಕಟ್ಟಿರುತ್ತಾರೆ. ಅವುಗಳಲ್ಲಿ ಹುಳಿ ಜಾಸ್ತಿ ಇರಬೇಕು, ಇಲ್ಲವೇ ಸಿಹಿ ಜಾಸ್ತಿ ಇರಬೇಕು, ಇಲ್ಲವೇ ಸಿಪ್ಪೆ ಬೀಜಗಳಿಂದ ಬಂದ ಒಗರು ಜಾಸ್ತಿ ಇರಬೇಕು. ಪೋರ್ಟ್ ಥರದ ವೈನಿಗೆ ಮೇಲಿಂದ ಸ್ಪಿರಿಟ್ ಸೇರಿಸಿ ಶೇಕಡಾ 20ರ ಹತ್ತಿರ ತಂದಿರುತ್ತಾರೆ. ಇವೆಲ್ಲ ವೈನಿನ ಕಾವಲುಗಾರರು. ಕೆಂಪು ವೈನಿನ ಒಗರು ಕಾಲ ಕಳೆದಂತೆ ಒಂದಕ್ಕೊಂದು ಕೂಡಿ, ಭಾರವಾಗಿ, ಗಷ್ಟಾಗಿ ತಳಕ್ಕೆ ಇಳಿಯುತ್ತದೆ. ಅದಕ್ಕೇ ಹಳೆಯ ಒಳ್ಳೆ ಕೆಂಪು ವೈನ್ ನಾಲಿಗೆಗೆ ಮೆತ್ತಗೆ ಅನಿಸುವುದು. ಇಳಿಯಲು ಒಗರೇ ಇಲ್ಲದ ವೈನನ್ನು ಇಟ್ಟರೆ ಏನಾಗುತ್ತದೆ? ಹಣ್ಣಿನ ಪರಿಮಳ ಮೊದಲು ಹೋಗುತ್ತದೆ. ಕಾರ್ಕ್ ಒಣಗಿ ಗಾಳಿ ನುಗ್ಗುತ್ತದೆ. ಆ ಗಾಳಿಗೆ ಆಲ್ಕೋಹಾಲ್ ಮಾರ್ಪಟ್ಟು ಜಜ್ಜಿದ ಸೇಬಿನ ವಾಸನೆ ಹುಟ್ಟುತ್ತದೆ. ಇನ್ನೂ ಗಾಳಿ ಸಿಕ್ಕರೆ ಬ್ಯಾಕ್ಟೀರಿಯಾ ಸೇರಿ ವಿನೆಗರ್ ಆಗುತ್ತದೆ. ಹಿಂದಕ್ಕೆ ತರುವ ದಾರಿ ಇಲ್ಲ.

ಇನ್ನು ಲೇಬಲ್ಲಿನ ಮೇಲಿನ ವರ್ಷ. ಅದು ದ್ರಾಕ್ಷಿ ಕೊಯ್ದ ವರ್ಷ. ನಮ್ಮಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಸರಿಯಾಗಿ ಬಂದ ವರ್ಷ, ಕೈಕೊಟ್ಟ ವರ್ಷ ಅಂತ ಹೇಳುತ್ತೇವಲ್ಲ, ಹಾಗೆ. ಫ್ರಾನ್ಸಿನ ಬೋರ್ಡೋದಲ್ಲಿ 1982 ಭಾರೀ ಹೆಸರು ಮಾಡಿದ ವರ್ಷ. ಎರಡೇ ವರ್ಷ ಕಳೆದು, 1984ರಲ್ಲಿ, ಹೂ ಕಟ್ಟುವ ಹೊತ್ತಿಗೆ ಹವೆ ಕೆಟ್ಟು ಮೆರ್ಲೋ ದ್ರಾಕ್ಷಿಯ ಫಸಲೇ ಹೋಯಿತು. ಇವತ್ತಿಗೆ ಎರಡೂ ಹಳೆಯವೇ. ಆದರೆ 1982ಕ್ಕೆ ಇರುವ ಬೆಲೆ 1984ಕ್ಕೆ ಇಲ್ಲ. ವಯಸ್ಸಿನಿಂದಲೇ ಬೆಲೆ ಬರುವ ಹಾಗಿದ್ದರೆ ಹೀಗೆ ಆಗುತ್ತಿರಲಿಲ್ಲ.

ನಮ್ಮ ಕಸುಬಿನಲ್ಲಿ ಎಲ್ಲರೂ ಹೇಳುವ ಒಂದು ಕಥೆ ಇದೆ. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಒಂದು ರುಚಿ ಪರೀಕ್ಷೆ ನಡೆಯಿತು. ಸ್ಟೀವನ್ ಸ್ಪರಿಯರ್ ಅನ್ನುವ ಇಂಗ್ಲಿಷ್ ವೈನ್ ವ್ಯಾಪಾರಿ ಏರ್ಪಡಿಸಿದ್ದು. ಫ್ರೆಂಚ್ ತೀರ್ಪುಗಾರರು ಹೆಸರು ಮುಚ್ಚಿದ ಬಾಟಲಿಗಳಿಂದ ಕುಡಿದು ಅಂಕ ಕೊಟ್ಟರು. ಕೆಂಪಿನಲ್ಲೂ ಬಿಳಿಯಲ್ಲೂ ಕ್ಯಾಲಿಫೋರ್ನಿಯಾದ ವೈನ್ ಗೆದ್ದಿತು. ಪತ್ರಕರ್ತರಿಗೆಲ್ಲ ಕರೆ ಹೋಗಿತ್ತು, ಬಂದಿದ್ದು ಟೈಮ್ ಪತ್ರಿಕೆಯ ಜಾರ್ಜ್ ಟೇಬರ್ ಒಬ್ಬರೇ. ಆ ಒಬ್ಬರು ಬರೆಯದೇ ಇದ್ದಿದ್ದರೆ ಜಗತ್ತಿಗೆ ತಿಳಿಯುತ್ತಲೇ ಇರಲಿಲ್ಲವೇನೋ. ವೈನ್ ಬರಹಗಾರರ ಕೆಲಸಕ್ಕೆ ಏನು ಬೆಲೆ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಸೋತ ಕಡೆಯವರು ಕ್ಯಾಲಿಫೋರ್ನಿಯಾದ ವೈನಿಗೆ ಬಾಳಿಕೆ ಇಲ್ಲ, ನಮ್ಮದು ಮಾಗಿದ ಮೇಲೆ ನೋಡಿ ಅಂದರು. ಮೂವತ್ತು ವರ್ಷ ಕಳೆದು, 2006ರಲ್ಲಿ, ಅವೇ ಕೆಂಪು ವೈನುಗಳನ್ನು ಮತ್ತೆ ತೆರೆದರು. ಮೊದಲು ಬಂದಿದ್ದು ಕ್ಯಾಲಿಫೋರ್ನಿಯಾದ್ದೇ, ರಿಡ್ಜ್ ಮಾಂಟೆ ಬೆಲ್ಲೊ 1971. ಆದರೆ ಆ ಬಾಟಲಿಗಳು ಮೂವತ್ತು ವರ್ಷ ಕತ್ತಲಲ್ಲಿ, ತಂಪಿನಲ್ಲಿ, ಅಡ್ಡ ಮಲಗಿದ್ದವು. ಟಿವಿಯ ಪಕ್ಕ, ಟ್ಯೂಬ್‌ಲೈಟಿನ ಕೆಳಗೆ ನಿಂತಿರಲಿಲ್ಲ.

ನಾನು ಈ ಕಸುಬಿಗೆ ಬಂದಿದ್ದು ಹೋಟೆಲಿನಿಂದ. ವಿರಾಜಪೇಟೆಯಲ್ಲಿ ಓದು ಮುಗಿಸಿ ಬೆಂಗಳೂರಿನ ಒಂದು ದೊಡ್ಡ ಹೋಟೆಲಿಗೆ ಸೇರಿದೆ. ಅಲ್ಲಿ ವೈನ್ ಪಟ್ಟಿಯನ್ನು ಟೈಪ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹೆಸರುಗಳನ್ನು ಹೇಗೆ ಉಚ್ಚರಿಸಬೇಕು ಅಂತ ಕೇಳಲು ಹೋಗಿ ರುಚಿ ಹಿಡಿಯಿತು. ನಂದಿ ಬೆಟ್ಟದ ತಪ್ಪಲಿನಲ್ಲಿ ವೈನ್ ದ್ರಾಕ್ಷಿ ಬೆಳೆಯಲು ಶುರು ಮಾಡಿ ಆಗಿನ್ನೂ ಕೆಲವೇ ವರ್ಷಗಳಾಗಿದ್ದವು. ಸಂಬಳ ಕೂಡಿಟ್ಟು ಲಂಡನ್ನಿನ ಸಂಸ್ಥೆಯೊಂದರ ಪರೀಕ್ಷೆಗಳನ್ನು ಕಟ್ಟಿದೆ. ಇಂಗ್ಲೆಂಡಿನ ವೈನ್ ಬರಹಗಾರ್ತಿ ಜಾನ್ಸಿಸ್ ರಾಬಿನ್ಸನ್ ನನಗೆ ಆಗಲೂ ಈಗಲೂ ದೊಡ್ಡ ಧೈರ್ಯ. ವ್ಯಾಪಾರದ ಹೊರಗಿನಿಂದ ಬಂದು, ಬರೆಯುತ್ತಲೇ, 1984ರಲ್ಲಿ ವೈನ್ ಲೋಕದ ದೊಡ್ಡ ಪದವಿಯಾದ ಮಾಸ್ಟರ್ ಆಫ್ ವೈನ್ ಪಡೆದವರು. ಹಾಗೆ ಹೊರಗಿನಿಂದ ಬಂದವರಲ್ಲಿ ಅವರೇ ಮೊದಲಿಗರು. ನಮ್ಮ ದೇಶಕ್ಕೆ ಆ ಪದವಿ ಬಂದಿದ್ದು 2016ರಲ್ಲಿ, ಸೋನಲ್ ಹಾಲೆಂಡ್ ಅವರಿಂದ.

ಇದು ಸುಖದ ಕೆಲಸ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಒಂದೇ ದಿನ ಎಂಬತ್ತು ವೈನ್ ರುಚಿ ನೋಡಿದ್ದೇನೆ. ಒಂದನ್ನೂ ನುಂಗುವುದಿಲ್ಲ, ಎಲ್ಲ ಉಗುಳಬೇಕು. ಬೆಳಗಿನ ಹೊತ್ತೇ ನಾಲಿಗೆ ಚುರುಕು. ಆದ್ದರಿಂದ ಆ ದಿನ ಕಾಫಿ ಇಲ್ಲ. ಕೊಡಗಿನವಳಿಗೆ ಅದು ಸಣ್ಣ ಕಷ್ಟ ಅಲ್ಲ. ವೈನಿನ ಹುಳಿಗೆ ಹಲ್ಲಿನ ಮೇಲ್ಪದರ ಸವೆಯುತ್ತದೆ, ಹಾಗಂತ ರುಚಿ ನೋಡಿದ ತಕ್ಷಣ ಹಲ್ಲುಜ್ಜಲೂ ಬಾರದು. ಉಗುಳುವುದನ್ನು ಮೊದಲ ಸಲ ನೋಡಿದಾಗ ಅವ್ವ, "ದುಡ್ಡು ಕೊಟ್ಟು ತಂದಿದ್ದನ್ನ ಉಗಿಯೋದಾ?" ಅಂತ ಗಾಬರಿಯಾಗಿದ್ದಳು.

ಅವ್ವ ಪ್ರತಿ ವರ್ಷ ನೆಲ್ಲಿಕಾಯಿ ವೈನ್ ಹಾಕುತ್ತಿದ್ದಳು. ದೊಡ್ಡ ಭರಣಿ, ಸಕ್ಕರೆ, ಒಂದು ಹಿಡಿ ಗೋಧಿ, ನಾಲ್ಕು ಲವಂಗ. ದಿನಾ ಮರದ ಸೌಟಿನಲ್ಲಿ ಒಂದು ಸಲ ಕಲಕುವುದು. ಆಮೇಲೆ ಹಳೆ ಪಂಚೆಯಲ್ಲಿ ಸೋಸುವುದು. ಪುತ್ತರಿಗೆ ಬಂದವರಿಗೆಲ್ಲ ಪುಟ್ಟ ಗ್ಲಾಸಿನಲ್ಲಿ ಕೊಡುತ್ತಿದ್ದಳು. ನಾನು ಜಗತ್ತಿನ ವೈನಿನ ಬಗ್ಗೆ ಬರೆದೆ, ಅವಳದ್ದರ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ. ಅವಳು ಹೋದಾಗ ಎರಡು ಬಾಟಲಿ ಉಳಿದಿದ್ದವು. ತೆಗೆಯಲು ಮನಸ್ಸು ಬರಲಿಲ್ಲ. ಎಲ್ಲ ತಿಳಿದವಳು ನಾನೇ, ಆದರೂ ಇಟ್ಟೆ. ಆರು ವರ್ಷದ ಮೇಲೆ ಒಂದನ್ನು ತೆಗೆದೆ. ಕಂದು ನೀರು. ನೆಲ್ಲಿಕಾಯಿ ಇರಲಿಲ್ಲ, ಲವಂಗ ಇರಲಿಲ್ಲ. ಬರೀ ಹುಳಿ. ಅವಳ ಕೈರುಚಿ ಆ ಬಾಟಲಿಯಲ್ಲಿ ಇದೆ ಅಂತ ಅಷ್ಟು ವರ್ಷ ನಂಬಿದ್ದೆ. ಮೊದಲ ವರ್ಷವೇ ತೆಗೆದಿದ್ದರೆ ಇರುತ್ತಿತ್ತು.

ಆದ್ದರಿಂದ ಈ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ. ಒಂದು ಮದುವೆ ಮನೆಯಲ್ಲಿ ಮಗಳು ಹುಟ್ಟಿದ ವರ್ಷ ತಂದಿಟ್ಟ ಬಾಟಲಿಯನ್ನು ತೆರೆಯಲು ನನ್ನನ್ನೇ ಕರೆದಿದ್ದರು. ಕಾರ್ಕ್ ಪುಡಿಪುಡಿಯಾಗಿ ಒಳಗೆ ಬಿತ್ತು. ಅಪ್ಪನ ಕಣ್ಣು ನನ್ನ ಮುಖದ ಮೇಲೇ ಇತ್ತು. ನಾನು ಸುಳ್ಳು ಹೇಳಲಿಲ್ಲ. ಕುಡಿಯಲು ಆಗುವುದಿಲ್ಲ ಅಂತ ಮೆಲ್ಲಗೆ ಅವರೊಬ್ಬರಿಗೇ ಹೇಳಿದೆ. ಅವರು ಬಾಟಲಿಯನ್ನು ಮಗಳ ಕೈಗೆ ಕೊಟ್ಟು, "ಇದು ನಿನ್ನ ವಯಸ್ಸಿಂದು, ಬರೀ ಬಾಟಲಿ ಇಟ್ಕೊ" ಅಂದರು. ಹುಡುಗಿ ಅತ್ತುಬಿಟ್ಟಳು. ಅವಳು ಅದನ್ನು ಈಗಲೂ ಇಟ್ಟುಕೊಂಡಿದ್ದಾಳೆ.

ನಿಮ್ಮ ಮನೆಯಲ್ಲಿ ಇರುವುದನ್ನು ನೋಡದೆ ಖಚಿತವಾಗಿ ಹೇಳಲಾರೆ. ಅಂದಾಜು ಮಾತ್ರ ಹೇಳಬಲ್ಲೆ. ಅಂಗಡಿಯ ಸಾಮಾನ್ಯ ಬಿಳಿ, ಗುಲಾಬಿ ವೈನನ್ನು ಒಂದೆರಡು ವರ್ಷದೊಳಗೆ, ಕೆಂಪನ್ನು ಮೂರು ನಾಲ್ಕು ವರ್ಷದೊಳಗೆ ಮುಗಿಸಿ. ಮನೆಯಲ್ಲಿ ಮಾಡಿದ ಹಣ್ಣಿನ ವೈನಿಗೆ ಒಂದು ವರ್ಷ ಸಾಕು. ಇಡಲೇಬೇಕು ಅಂದರೆ 12, 13 ಡಿಗ್ರಿಯ ಹತ್ತಿರ ಒಂದೇ ಸಮ ಇರುವ ಕತ್ತಲೆ ಜಾಗ ಬೇಕು. ಮಡಿಕೇರಿ ತಂಪು ನಿಜ, ಆದರೆ ಜನವರಿಯ ರಾತ್ರಿಗೂ ಏಪ್ರಿಲ್ಲಿನ ಮಧ್ಯಾಹ್ನಕ್ಕೂ ಇರುವ ಅಂತರ ನೋಡಿ. ಆ ಏರಿಳಿತ ವೈನಿಗೆ ಆಗುವುದಿಲ್ಲ. ಮನೆ ವೈನಿನ ನೊರೆ ಪೂರ್ತಿ ನಿಲ್ಲುವ ಮೊದಲು ಬಿಗಿಯಾಗಿ ಮುಚ್ಚಳ ಹಾಕಬೇಡಿ, ಬಾಟಲಿ ಸಿಡಿಯುತ್ತದೆ. ಮಾಡುವುದಕ್ಕೂ ಮಾರುವುದಕ್ಕೂ ಏನು ನಿಯಮ ಅಂತ ಅಬಕಾರಿ ಇಲಾಖೆಯಲ್ಲೇ ಕೇಳಿ. ಪರವಾನಗಿ ಇಲ್ಲದೆ ಮಾರುವುದಂತೂ ಅಪರಾಧ. ವೈದ್ಯರು ಬೇಡ ಅಂದಿದ್ದರೆ ಹೊಸದೂ ಬೇಡ, ಹಳೆಯದೂ ಬೇಡ.

ಇದನ್ನು ಬರೆಯುತ್ತಿರುವಾಗಲೇ ನಾಪೋಕ್ಲಿನಿಂದ ಒಬ್ಬ ಹುಡುಗಿ ಫೋನ್ ಮಾಡಿದಳು.

"ಆಂಟಿ, ನಮ್ಮತ್ತೆ ಹೋದ ವರ್ಷ ಮಾಡಿದ ಪ್ಯಾಷನ್ ಫ್ರೂಟ್ ವೈನು ಮೂರು ಬಾಟಲಿ ಇದೆ. ಇನ್ನೂ ಎಷ್ಟು ವರ್ಷ ಇಡಬಹುದು?"

"ಅತ್ತೆ ಮನೆಯಲ್ಲಿದ್ದಾರಾ?"

"ಇದ್ದಾರೆ. ಹಿತ್ತಲಲ್ಲಿ ಮೆಣಸು ಒಣಗಿಸ್ತಿದ್ದಾರೆ."

"ಭಾನುವಾರ ಊಟಕ್ಕೆ ಒಂದು ತೆಗಿ. ಮೊದಲ ಗ್ಲಾಸು ಅವರಿಗೇ ಕೊಡು. ಏನೇನು ಹಾಕಿದ್ರು, ಎಷ್ಟು ದಿನ ಇಟ್ಟಿದ್ರು ಅಂತ ಕೇಳಿ ಬರೆದಿಟ್ಕೊ."

"ಪೆನ್ ತರ್ತೀನಿ, ಇನ್ನೊಂದ್ಸಲ ಹೇಳಿ ಆಂಟಿ" ಅಂದಳು.